ರೊಟ್ಟಿ ವ್ಯಾನಿನ ಸಪ್ಪಳ

ವ್ಯಾನು ಬರಿ ಸಪ್ಪಳ ಮಾಡಿಕೊಂಡು ಓಡಾಡಿದ್ದರೆ ಆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹದಿನಾರು ವರ್ಷದ ಗಾಡಿ. ವಯಸ್ಸಾದ ಮೇಲೆ ಮನುಷ್ಯರ ಮೊಣಕಾಲೇ ಸುಮ್ಮನಿರುವುದಿಲ್ಲ. ಆದರೆ ಅದು ಹೊರುತ್ತಿದ್ದದ್ದು ಇಟ್ಟಿಗೆಯಲ್ಲ, ಸಿಮೆಂಟಲ್ಲ, ಜೋಳದ ಕಡಕ್ ರೊಟ್ಟಿ. ಟಿ. ದಾಸರಹಳ್ಳಿಯಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಗಾಡಿ ಹತ್ತಿದ ರೊಟ್ಟಿಗಳು ಹೂಡಿಯಲ್ಲಿ ಇಳಿಯುವಾಗ ಅಷ್ಟಮಿ, ನವಮಿಯಾಗಿರುತ್ತಿದ್ದವು. ಕೆಲವಂತೂ ಪೂರಾ ಅಮಾವಾಸ್ಯೆ.

ಹೂಡಿಯ ಒಂದು ಕಂಪನಿಯ ಕ್ಯಾಂಟೀನು ದಿನಕ್ಕೆ ನಾನೂರು ರೊಟ್ಟಿ ತೆಗೆದುಕೊಳ್ಳುತ್ತಿತ್ತು. ಅಲ್ಲಿನ ಮ್ಯಾನೇಜರು ಉಮಾಶ್ರೀ ದನಿ ಎತ್ತಿ ಮಾತಾಡುವ ಹೆಂಗಸಲ್ಲ. ಅವತ್ತು ಫೋನು ಮಾಡಿದಾಗಲೂ ಮೆತ್ತಗೇ ಹೇಳಿದರು.

“ಶಾಂಭವಿ ಅವ್ರೇ, ಇವತ್ತೂ ಅರವತ್ತು ಪೀಸ್ ಪುಡಿಯಾಗಿದೆ. ಮುರ್ದಿರೋದನ್ನ ಪ್ಲೇಟಿಗಿಟ್ರೆ ಜನ ನನ್ನ ಮುಖ ನೋಡ್ತಾರೆ. ನೀವು ರೊಟ್ಟಿ ತುಂಬಾ ತೆಳ್ಳಗೆ ತಟ್ತಿದೀರ ಅನ್ಸತ್ತೆ. ಈ ತಿಂಗಳ ಕೊನೆವರ್ಗೂ ನೋಡ್ತೀನಿ. ಆಮೇಲೆ ಬೇರೆಯವ್ರಿಗೆ ಕೊಡ್ಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡಿ.”

“ಇಲ್ರೀ ಮೇಡಂ, ಸರಿ ಮಾಡ್ತೀವ್ರಿ” ಎಂದು ಶಾಂಭವಿ ಫೋನಿಟ್ಟಳು. ಹೂಡಿಯ ಆರ್ಡರು ಹೋದರೆ ರೊಟ್ಟಿ ಒಲೆ ಆರಿದಂತೆ. ಒಲೆ ಆರಿದರೆ ಅವಳು ಮತ್ತೆ ಗಾರ್ಮೆಂಟ್ಸಿಗೆ. ಐದು ವರ್ಷ ಅವಳು ಪೀಣ್ಯದಲ್ಲಿ ಶರ್ಟಿನ ಕಾಲರ್ ಹೊಲಿದಿದ್ದಳು. ಮೂತ್ರಕ್ಕೆ ಹೋಗಲೂ ಸೂಪರ್‌ವೈಸರನ ಮುಖ ನೋಡಬೇಕಿತ್ತು. ಮಗಳು ಪ್ರಿಯಾಂಕಾ ನಡೆಯಲು ಕಲಿತದ್ದನ್ನು ಅವಳು ಸಂಜೆ ಬಂದು ಅತ್ತೆಯ ಬಾಯಿಂದ ಕೇಳಿದ್ದಳು. 

ಅಲ್ಲಿಂದ ಅವಳನ್ನು ಬಿಡಿಸಿದವನು ಮಾವ ಅಮರಪ್ಪ. ಕುಷ್ಟಗಿ ಕಡೆಯ ಮನುಷ್ಯ, ಊರಲ್ಲಿ ಬಾಡಿಗೆ ಬಂಡಿ ಹೊಡೆದುಕೊಂಡಿದ್ದ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಒಂದು ಗೋದಾಮು ಕಾದ. ಕೆಲಸ ಬಿಟ್ಟ ದಿನ ಕೈಗೆ ಬಂದ ದುಡ್ಡನ್ನು ಊರಿನ ಮನೆಗೆ ಹಾಕು ಎಂದು ನೆಂಟರೆಲ್ಲ ಹೇಳಿದರು. ಅಮರಪ್ಪ ಹಳೆಯ ವ್ಯಾನು ಕೊಂಡು ತಂದು ಮನೆ ಮುಂದೆ ನಿಲ್ಲಿಸಿ, “ನಮ್ಮ ಶಾಂಭವಿ ಕೈಯಾಗಿನ ರೊಟ್ಟಿ ನಾಕು ಮಂದಿ ತಿನ್ಲಿ” ಎಂದುಬಿಟ್ಟ. ಅತ್ತೆ ಹೊಳೆವ್ವ ಮೂರು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ತಾನೇ ಜೋಳ ಬೀಸಿಸಲು ಹೋಗಿದ್ದಳು. ಇದೆಲ್ಲ ಎರಡು ವರ್ಷದ ಹಿಂದಿನ ಮಾತು.

ಉಮಾಶ್ರೀ ಮೇಡಂ ಗಡುವು ಕೊಟ್ಟ ಮೇಲೆ ಮನೆಯಲ್ಲಿ ಊಟವೆಂದರೆ ಮುರಿದ ರೊಟ್ಟಿಯೇ. ಬೆಳಿಗ್ಗೆ ಒಗ್ಗರಣೆ ಹಾಕಿದ ರೊಟ್ಟಿ, ಮಧ್ಯಾಹ್ನ ಸಾರಿನಲ್ಲಿ ನೆನೆಸಿದ ರೊಟ್ಟಿ, ರಾತ್ರಿ ಮೊಸರಲ್ಲಿ ಕಲಸಿದ ರೊಟ್ಟಿ. ಪ್ರಿಯಾಂಕಾ ಒಂದು ದಿನ ತಟ್ಟೆ ನೋಡಿ, “ಅಮ್ಮಾ, ನಮ್ಮನ್ಯಾಗ ಅನ್ನ ಮಾಡಂಗೇ ಇಲ್ಲೇನು?” ಎಂದು ಕೇಳಿದಳು.

“ಕೇಳು, ನಿಮ್ಮವ್ವನ್ನ ಕೇಳು” ಎಂದಳು ಹೊಳೆವ್ವ. “ಹಾಳಿಯಂಗ ತೆಳ್ಳಗ ಬಡದ್ರ ಮುರೀಲಾರದ ಏನ್ಮಾಡ್ತಾವ? ನಾನು ನಲವತ್ತು ವರ್ಷ ಬಡದೀನಿ, ಒಂದರ ಮುರದಿತ್ತೇನು?”

“ಅತ್ತಿ, ನೀವು ಬಡದ ರೊಟ್ಟಿ ಕಟ್ಟಿ ದಾಟಿ ಪಡಸಾಲಿಗೆ ಹೋಗ್ತಿದ್ವು. ನನ್ನವು ಹೂಡಿಗೆ ಹೋಗ್ತಾವ.”

“ಬಾಯಿ ಒಂದು ಕಮ್ಮಿಯಿಲ್ಲ ನಿನಗ.”

ಹೊಳೆವ್ವನ ಮಾತಿಗೆ ಒಂದು ವಾರ ರೊಟ್ಟಿ ದಪ್ಪ ಮಾಡಿ ನೋಡಿದರು. ದಪ್ಪ ರೊಟ್ಟಿ ಒಣಗಲಿಲ್ಲ, ಕಡಕ್ಕಾಗಲಿಲ್ಲ, ತಿಂದವರ ಹಲ್ಲಿಗೆ ತೊಗಲಿನಂತೆ ಸಿಕ್ಕಿಕೊಂಡಿತು. ಆಮೇಲಿನ ವಾರ ಬುಟ್ಟಿಗಳ ಕೆಳಗೆ ಕೌದಿ ಹಾಸಿದರು. ಗಾಡಿ ಓಡಿಸುತ್ತಿದ್ದ ಅವಳ ಗಂಡ ಹನುಮೇಶ ಹೆಬ್ಬಾಳದಿಂದ ಕೆ.ಆರ್. ಪುರದವರೆಗೆ ಹೊಸ ಮದುಮಗಳನ್ನು ಕೂರಿಸಿಕೊಂಡವನ ಹಾಗೆ ನಿಧಾನಕ್ಕೆ ಓಡಿಸಿ, ಕ್ಯಾಂಟೀನಿನವರ ಊಟದ ಹೊತ್ತು ಮೀರಿ ತಲುಪಿ ಬೈಸಿಕೊಂಡ. ಮುರಿಯುವುದು ನಿಲ್ಲಲಿಲ್ಲ. ವ್ಯಾನಿನ ಹಿಂಭಾಗದ ಕಟಕಟ ದಿನದಿನಕ್ಕೆ ಜೋರಾಗುತ್ತಿತ್ತು.

“ಈ ಸುಡಗಾಡ ಗಾಡಿ ಮಾರಿಬಿಡ್ತೀನಿ ನಾನು” ಎಂದು ಅವನು ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದ. “ಕಂಪನಿ ಕ್ಯಾಬ್ ಓಡಸ್ತೀನಿ. ಇವಳು ಗಾರ್ಮೆಂಟ್ಸಿಗೆ ಹೋಗ್ಲಿ. ತಿಂಗಳಿಗೊಂದು ಪಗಾರ ಅಂತ ಬರ್ತೈತಿ.”

ಜಗುಲಿಯಲ್ಲಿ ಕೂತಿದ್ದ ಅಮರಪ್ಪ ಮಗನನ್ನು ನೋಡಿ ಎದ್ದು ವ್ಯಾನಿನ ಹತ್ತಿರ ಹೋದ. ಹೆಗಲ ಟವೆಲಿನಿಂದ ಅದರ ಗಾಜು ಒರೆಸತೊಡಗಿದ. ಬೆಳಿಗ್ಗೆ ಎದ್ದು ಅದನ್ನು ತೊಳೆಯುವುದು, ಸಂಜೆ ಒರೆಸುವುದು, ಇಷ್ಟು ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ತಿಂಗಳ ಕೊನೆಗೆ ಎರಡು ದಿನ ಉಳಿದಿರುವಾಗ, ಭಾನುವಾರ, ಹನುಮೇಶ ವ್ಯಾನನ್ನು ಪೀಣ್ಯದ ಚಿರಂಜೀವಿಯ ಗ್ಯಾರೇಜಿಗೆ ಒಯ್ದ. ಚಿರಂಜೀವಿ ಅಲ್ಲೇ ಹುಟ್ಟಿ ಬೆಳೆದ ಹುಡುಗ, ಅವನಪ್ಪನ ರಾಗಿ ಹೊಲದ ಮೇಲೇ ಗ್ಯಾರೇಜು ನಿಂತಿತ್ತು. ಇದೇ ಸಪ್ಪಳಕ್ಕೆ ಅವನು ಆಗಲೇ ಎರಡು ಸಲ ಬುಷ್ ಬದಲಾಯಿಸಿದ್ದ. ಎರಡು ಸಲವೂ ತಿಂಗಳೊಪ್ಪತ್ತು ಸುಮ್ಮನಿದ್ದು ಮತ್ತೆ ಶುರುವಾಗಿತ್ತು. ಈ ಸಲ ಶಾಂಭವಿಯೂ ಜೊತೆಗೆ ಬಂದಿದ್ದಳು, ಗಂಡ ಸಿಟ್ಟಿನಲ್ಲಿ ಏನಾದರೂ ಮಾಡಿಕೊಂಡಾನೆಂದು.

“ಅಕ್ಕ, ನೀವು ಹಿಂದೆ ಕೂತ್ಕೊಳಿ” ಎಂದ ಚಿರಂಜೀವಿ. “ಮುಂದೆ ಕೂತೋನಿಗೆ ಸೌಂಡು ಎಲ್ಲಾ ಕಡೆಯಿಂದ್ಲೂ ಬಂದಂಗೆ ಕೇಳತ್ತೆ. ನೆಲದ ಮೇಲೆ ಅಂಗೈ ಇಟ್ಕೊಂಡಿರಿ. ಎಲ್ಲಿ ಗುದ್ದತ್ತೋ ಅಲ್ಲಿ ತಟ್ಟಿ.”

ಪೀಣ್ಯದ ರಸ್ತೆಗಳಲ್ಲಿ ಅವನು ಬೇಕೆಂದೇ ಗುಂಡಿ ಹುಡುಕಿ ಇಳಿಸಿದ. ಶಾಂಭವಿ ಕಣ್ಣು ಮುಚ್ಚಿ, ರೊಟ್ಟಿ ತಟ್ಟುವ ಅಂಗೈಯನ್ನೇ ತಗಡಿನ ಮೇಲಿಟ್ಟು ಕೂತಳು. ನಾಲ್ಕನೆಯ ಗುಂಡಿಗೆ ಸಿಕ್ಕಿತು. ಬಲಗಡೆಯ ಹಿಂದಿನ ಚಕ್ರದ ಮೇಲೆ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಗುದ್ದುತ್ತಿತ್ತು. ಅವಳು ತಟ್ಟಿ ತೋರಿಸಿದಳು. ಅಲ್ಲಿಯೇ ತನ್ನ ನಾನೂರು ರೊಟ್ಟಿಯ ಬುಟ್ಟಿಗಳು ಕೂರುತ್ತಿದ್ದದ್ದು.

ಚಿರಂಜೀವಿ ಜಾಕಿ ಹಾಕಿ, ಪಟ್ಟಿ ಬಿಚ್ಚಿ, ಒಳಗಿನ ಬುಷ್ ಹೊರಗೆಳೆದ. ಬುಷ್ ಎಂದರೆ ದಪ್ಪನೆಯ ರಬ್ಬರಿನ ಬಳೆ ಅಷ್ಟೆ. ಚಕ್ರದ ಪಟ್ಟಿಗೂ ಗಾಡಿಯ ಮೈಗೂ ನಡುವೆ ಕೂತು, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಪೆಟ್ಟನ್ನೆಲ್ಲ ತಾನೇ ನುಂಗಿಕೊಳ್ಳುವ ಸಾಮಾನು. ಮನೆಗೊಬ್ಬರು ಅಂಥವರು ಇದ್ದರೆ ಆ ಮನೆ ಮುಂದೆ ಹೋಗುತ್ತದೆ. ಇದು ಮಾತ್ರ ಮಾಗಿ ಕೊಳೆತ ಹಣ್ಣಿನಂತೆ ಉಬ್ಬಿ ಮೆತ್ತಗಾಗಿತ್ತು. ಅವನು ಮೂಸಿ ನೋಡಿದ.

“ಗುರು, ಇದಕ್ಕೆ ಯಾರೋ ಎಣ್ಣೆ ಹಾಕ್ತಿದಾರೆ.”

“ಯಾರ್ ಹಾಕ್ತಾರೋ?” ಹನುಮೇಶನಿಗೆ ನೆತ್ತಿಗೇರಿತು. “ಡೂಪ್ಲಿಕೇಟ್ ಮಾಲ್ ಹಾಕಿ ಎಣ್ಣಿ ಕಥಿ ಹೇಳ್ತಿಯೇನ್? ಎರಡು ಸಲ ರೊಕ್ಕ ತಗೊಂಡೀ!”

“ಮಗಾ, ಬಾಯಿ ನೋಡ್ಕೊಂಡು ಮಾತಾಡು. ಒರಿಜಿನಲ್ ಹಾಕಿದೀನಿ, ಡಬ್ಬಿ ಬೇಕಾದ್ರೆ ತೋರಿಸ್ತೀನಿ. ಎಣ್ಣೆ ಬಿದ್ರೆ ಯಾವ ರಬ್ಬರೂ ಉಳಿಯಲ್ಲ.”

“ನನ್ನ ಗಾಡಿಗಿ ಎಣ್ಣಿ ಹಾಕಾಕ ನಿಮ್ಮಪ್ಪ ಬರ್ತಾನೇನು?”

ಅಪ್ಪನ ಹೆಸರು ಬಂದ ಮೇಲೆ ಚಿರಂಜೀವಿ ಸುಮ್ಮನಿದ್ದಾನೆಯೇ? ಪಕ್ಕದ ಲೇತ್ ಅಂಗಡಿಯವರು ಬಂದು ಇಬ್ಬರನ್ನೂ ಬಿಡಿಸಬೇಕಾಯಿತು. ಕೊನೆಗೆ ಚಿರಂಜೀವಿ ಎರಡೂ ಕಡೆ ಹೊಸ ಬುಷ್ ಕೂರಿಸಿ, ನಟ್ಟು ಬಿಗಿದು, “ಇನ್ಮೇಲೆ ನನ್ನ ಗ್ಯಾರೇಜಿಗೆ ಬರ್ಬೇಡ” ಎಂದು ಕೈ ಒರೆಸಿಕೊಂಡ.

ಶಾಂಭವಿ ಬಗ್ಗಿ, ಬಿಸಾಡಿದ ಹಳೆಯ ಬುಷ್ ಎತ್ತಿಕೊಂಡಳು. ಬೆರಳಿಗೆ ಹತ್ತಿದ ಕಪ್ಪು ಅವಳಿಗೆ ಪರಿಚಯದ್ದು. ಎಷ್ಟು ಉಜ್ಜಿದರೂ, ಬಿಸಿನೀರಲ್ಲಿ ನೆನೆಸಿದರೂ ಬಿಡದ ಅದೇ ಕಪ್ಪು. ದಿನಾ ಮಾವನ ಟವೆಲು ಒಗೆಯುವವಳು ಅವಳೇ. ಗಂಡನ ಕಡೆ ನೋಡಿದಳು. ಅವನ ಮುಖ ಕೆಂಡವಾಗಿತ್ತು. ಬುಷ್ಷನ್ನು ಸೆರಗಿನಲ್ಲಿ ಸುತ್ತಿಕೊಂಡು ವ್ಯಾನು ಹತ್ತಿದಳು.

ಮನೆ ಮುಂದೆ ಇಳಿಯುತ್ತಿದ್ದಂತೆ ಮನೆಯೊಡತಿ ಅನುಸೂಯಮ್ಮ ಮಹಡಿ ಮೆಟ್ಟಿಲಿಂದ ಕರೆದಳು.

“ಏ ಶಾಂಭವಿ, ನಮ್ ಸಿಮೆಂಟ್ ನೆಲ ನೋಡವ್ವ, ಎಂಗ್ ಕರ್ರಗಾಗೋಗೈತೆ! ನಿಮ್ಮಾವ ದಿನಾ ಬೆಳಗಾಗೆದ್ದು ಗಾಡಿ ಕೆಳೀಕ್ ನುಗ್ತಾರಲ್ಲ, ಅದೇನ್ ಉಡುಕ್ತಾರೋ ಕಾಣೆ.”

“ತೊಳದು ಕೊಡ್ತೀನ್ರೀ ಅಮ್ಮಾರ” ಎಂದಳು ಶಾಂಭವಿ. ಇನ್ನು ಅನುಮಾನವೇ ಉಳಿಯಲಿಲ್ಲ. ಅವಳಿಗೆ ಸಿಟ್ಟು ಬಂತು. ಇಷ್ಟು ದಿನ ಅತ್ತೆಯ ಮಾತು, ಮೇಡಂ ಮಾತು, ಗಂಡನ ಮಾತು ಎಲ್ಲ ತನ್ನ ಕೈಯ ಮೇಲೆ ಬಿದ್ದಿತ್ತಲ್ಲ ಎಂದು. ಆ ಸಿಟ್ಟು ಮಾವನ ಮೇಲೆ ನಿಲ್ಲದಾಯಿತು. ಆ ಮುದುಕ ಇಲ್ಲದಿದ್ದರೆ ತಾನು ಇವತ್ತೂ ಕಾಲರ್ ಹೊಲಿಯುತ್ತಿರುತ್ತಿದ್ದೆ ಎಂಬುದೂ ಅಷ್ಟೇ ನಿಜವಾಗಿತ್ತು.

ಸೋಮವಾರವೂ ಕಂಪನಿಗೆ ರಜೆಯಿತ್ತು. ಬೆಳಕು ಹರಿಯುತ್ತಿದ್ದಂತೆ ಶಾಂಭವಿ ಕಸ ಗುಡಿಸುವ ನೆಪದಲ್ಲಿ ಹೊರಗೆ ಬಂದಳು. ವ್ಯಾನಿನ ಕೆಳಗಿಂದ ಎರಡು ಕಾಲು ಕಾಣುತ್ತಿದ್ದವು.

“ಮಾವಾರ.”

“ಹಾಂ, ಬಂದ್ಯವ್ವ? ಹಿಂದ ಸ್ವಲ್ಪ ಒತ್ತು ನೋಡೋಣು.”

ಅವಳು ವ್ಯಾನಿನ ಹಿಂಭಾಗ ಒತ್ತಿದಳು. ಹೊಸ ರಬ್ಬರು ಕೀಂಯ್ ಎಂದಿತು.

“ಕೇಳಿದ್ಯಾ? ಅಳಾಕತ್ತೈತಿ” ಎಂದ ಅಮರಪ್ಪ ಕೆಳಗಿಂದಲೇ. “ಹೊಸಾ ಸಾಮಾನು ಹಾಕಿದಾಗೆಲ್ಲ ಹಿಂಗ ಅಳತೈತಿ. ಕೀಲಿಗಿ ಎಣ್ಣಿ ಬಿಡಲಾರದ ಬಂಡಿ ಹೊಡದ್ರ ಎತ್ತಿನ ಶಾಪ ತಟ್ಟತೈತಿ ಅಂತಿದ್ದ ನಮ್ಮಪ್ಪ. ಈಗಿನ ಹುಡುಗ್ರಿಗಿ ಇದೆಲ್ಲ ಎಲ್ಲಿ ತಿಳೀತೈತಿ? ಅದಕ್ಕ ನಾನ ದಿನಾ ಬಿಡ್ತೀನಿ. ಆ ಮೋಟರ್‌ಸೈಕಲ್ ಅಂಗಡ್ಯವ ಸುಟ್ಟೆಣ್ಣಿ ಪುಕ್ಕಟ ಕೊಡ್ತಾನ.”

ಅವನ ಕೈಯಲ್ಲಿ ನೀರಿನ ಬಾಟಲಿ, ಅದರ ತುಂಬ ಕರಿ ಎಣ್ಣೆ. ಇನ್ನೊಂದು ಕೈಯಲ್ಲಿ ಕೋಳಿಪುಕ್ಕ. ಎಣ್ಣೆಯಲ್ಲಿ ಅದ್ದಿದ ಪುಕ್ಕ ಹೊಸ ಬುಷ್ಷಿನ ಹತ್ತಿರ ಹೋಗಿತ್ತು.

“ಮಾವಾರ, ನಿಲ್ರಿ!” ಶಾಂಭವಿ ನೆಲಕ್ಕೆ ಕೂತು ಅವನ ಮುಂಗೈ ಹಿಡಿದಳು. ಮಾವನ ಕೈ ಹಿಡಿದದ್ದು ಅದೇ ಮೊದಲು. ಇಬ್ಬರಿಗೂ ಸಂಕೋಚವಾಯಿತು. “ಹಚ್ಚಬ್ಯಾಡ್ರಿ. ಮೊದಲು ಇದನ್ನ ಒತ್ತಿ ನೋಡ್ರಿ.”

ಸೆರಗಿನ ಮರೆಯಲ್ಲಿ ತಂದಿದ್ದ ಹಳೆಯ ಬುಷ್ ತೆಗೆದು ಕೊಟ್ಟಳು. ಅಮರಪ್ಪನ ಹೆಬ್ಬೆರಳು ಅದರೊಳಗೆ ಗುಳಕ್ಕನೆ ಇಳಿಯಿತು.

“ಈಗ ಹೊಸಾದನ್ನ ಒತ್ತಿ ನೋಡ್ರಿ.”

ಅವನು ಒತ್ತಿದ. ಕಲ್ಲಿನಂತಿತ್ತು. ಮತ್ತೆ ಹಳೆಯದನ್ನು ಒತ್ತಿದ, ಮೂಸಿದ. ಬಂಡಿ ಹೊಡೆದ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ನಿಧಾನಕ್ಕೆ ಹೊರಗೆ ತೆವಳಿ ಬಂದು ಚಕ್ರಕ್ಕೆ ಬೆನ್ನು ಕೊಟ್ಟು ಕೂತ.

“ಅಂದ್ರ ನಾನ ಕೆಡಿಸೀನಿ.”

“ಕಬ್ಬಿಣಕ್ಕ ಎಣ್ಣಿ ಬೇಕ್ರಿ, ರಬ್ಬರಿಗಿ ಆಗಂಗಿಲ್ಲಂತ. ನಿಮಗ ಗೊತ್ತಿದ್ದಿಲ್ಲ. ನಾ ಯಾರ ಮುಂದೂ ಹೇಳಂಗಿಲ್ಲ. ಇವತ್ತಿಂದ ಬಿಡೂದು ನಿಲ್ಸಿದ್ರ ಸಾಕು.”

ಅಮರಪ್ಪ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿ ಗೋಡೆಯ ಮಗ್ಗುಲಲ್ಲಿ ಇಟ್ಟ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದರು. ರಜೆಯ ದಿನವೆಂದು ಶಾಂಭವಿ ಅನ್ನ ಮಾಡಿ ಬದನೆಕಾಯಿ ಪಲ್ಯ ಮಾಡಿದ್ದಳು. ಪ್ರಿಯಾಂಕಾ ಅನ್ನ ಕಂಡು ಕುಣಿದಳು. ಹನುಮೇಶ ಮಾತ್ರ ತುತ್ತಿಗೊಮ್ಮೆ ಚಿರಂಜೀವಿಯನ್ನು ಬೈಯುತ್ತಿದ್ದ.

“ಕಳ್ಳ ನನ್ಮಗ. ಎಣ್ಣಿ ಅಂತ ಎಣ್ಣಿ.”

“ಅವನೊಬ್ಬನ್ನ ಯಾಕ ಬೈತಿ?” ಎಂದಳು ಹೊಳೆವ್ವ ಪಲ್ಯ ಬಡಿಸುತ್ತ. “ರೊಟ್ಟಿ ಗಟ್ಟಿ ಇದ್ರ ಗಾಡಿ ಕುಣದ್ರೂ ಏನಾಗಂಗಿಲ್ಲ. ಇವಳ ಕೈಯ ಹಗುರ.”

“ಹೊಳೆವ್ವಾ, ಸಾಕು ಮಾಡು” ಎಂದ ಅಮರಪ್ಪ.

ಅವನು ಊಟದ ಹೊತ್ತಿನಲ್ಲಿ ಹೆಂಡತಿಯ ಹೆಸರು ಹಿಡಿದು ಕರೆದದ್ದಕ್ಕೇ ಎಲ್ಲರ ಕೈ ನಿಂತಿತು.

“ಆ ಹುಡುಗ ಖರೇನ ಹೇಳ್ಯಾನ. ಎಣ್ಣಿ ಬಿಟ್ಟವ ನಾನು. ದಿನಾ ಬಿಟ್ಟೀನಿ, ಬಂಡಿ ಕೀಲಿಗಿ ಬಿಟ್ಟಂಗ. ಅದಕ್ಕ ರಬ್ಬರ್ ಕೊಳತೈತಿ, ಅದಕ್ಕ ರೊಟ್ಟಿ ಮುರದಾವ. ಶಾಂಭವಿ ಕೈಯಾಗೇನೂ ತಪ್ಪಿಲ್ಲ.”

ಹನುಮೇಶ ತಟ್ಟೆ ಸರಿಸಿದ. “ಯಪ್ಪಾ! ನಿನಗ ಯಾರು ಹೇಳಿದ್ರು ಹಚ್ಚಂತ? ಎರಡು ತಿಂಗಳಿಂದ ನಾ ಊರ ಮಂದಿ ಕೂಡ ಜಗಳಾಡಾಕತ್ತೀನಿ. ನಿನ್ನೆ ಅವನ ಅಪ್ಪಗ ಅಂದು ಬಂದೀನಿ. ಕೇಳಬಾರದಿತ್ತಾ ಒಂದು ಮಾತು?”

“ಕೇಳಬೇಕಿತ್ತು.”

“ಗಾಡಿ ಅಂದ್ರ ಎತ್ತಿನ ಬಂಡಿ ಅನ್ಕೊಂಡ್ಯಾ?”

“ಹೌದಪ್ಪಾ, ಹಂಗ ಅನ್ಕೊಂಡೆ.”

ಎದುರು ಮಾತಾಡದವನ ಜೊತೆ ಎಷ್ಟು ಹೊತ್ತು ಜಗಳ ಆಡಲಾದೀತು? ಹನುಮೇಶನ ದನಿ ತಾನಾಗಿ ಇಳಿಯಿತು. ಹೊಳೆವ್ವ ಪಲ್ಯದ ಪಾತ್ರೆ ಹಿಡಿದು ನಿಂತೇ ಇದ್ದಳು. ಆಮೇಲೆ ಮಗನಿಗೆ, “ಸುಮ್ನಿರು, ಮುದಿ ಮನಿಷಾನ್ನ ಎಷ್ಟಂತ ಅಂತಿ? ಗಾಡಿ ಒಗದು ಬಿಟ್ಟಿದ್ದನೇನು, ಅಕ್ಕರತಿಯಿಂದ ನೋಡಿಕೊಂಡಾನ” ಎಂದಳು. ಸೊಸೆಯ ಮುಖ ನೋಡಲಿಲ್ಲ. ಆದರೆ ಕೈಯಲ್ಲಿದ್ದ ಪಲ್ಯವನ್ನೆಲ್ಲ ಅವಳ ತಟ್ಟೆಗೇ ಸುರಿದಳು. ಶಾಂಭವಿ ಎರಡು ದಿನದ ಪಲ್ಯ ಒಂದೇ ಹೊತ್ತಿಗೆ ತಿಂದಳು, ಬೇಡವೆನ್ನಲಿಲ್ಲ.

ಸಂಜೆ ಅಪ್ಪ ಮಗ ಇಬ್ಬರೂ ಗ್ಯಾರೇಜಿಗೆ ಹೋದರು. ಹನುಮೇಶ, “ಅಪ್ಪನ ಸುದ್ದಿ ತೆಗೀಬಾರದಿತ್ತು ಗುರು, ತಪ್ಪಾತು” ಎಂದ. ಅಮರಪ್ಪ ಕೈ ಮುಗಿಯಲು ಹೋದಾಗ ಚಿರಂಜೀವಿ ಗಾಬರಿಯಾಗಿ ಎರಡು ಕೈಯನ್ನೂ ಹಿಡಿದುಕೊಂಡನಂತೆ. ಟೀ ತರಿಸಿದನಂತೆ. “ತಾತ, ನಿಮ್ಮ ಎಣ್ಣೆ ದಂಡ ಅಲ್ಲ. ಬಾಗಿಲ ಹಳಿಗೆ ಹಾಕಿ, ಕೀಲಿಗೆ ಹಾಕಿ. ರಬ್ಬರ್ ಕಂಡ್ರೆ ಮಾತ್ರ ದೂರದಿಂದ್ಲೇ ನಮಸ್ಕಾರ ಮಾಡ್ಬಿಡಿ” ಎಂದು, ಎಲ್ಲೆಲ್ಲಿ ಹಾಕಬಹುದೆಂದು ಒಂದೊಂದಾಗಿ ಮುಟ್ಟಿ ತೋರಿಸಿದನಂತೆ. ಹನುಮೇಶ ಇದನ್ನೆಲ್ಲ ಹೇಳುವಾಗ ನಗುತ್ತಿದ್ದ. ಅವನು ನಕ್ಕು ತಿಂಗಳಾಗಿತ್ತು.

ಮಂಗಳವಾರ ತಿಂಗಳ ಕೊನೆಯ ದಿನ. ನಾನೂರು ರೊಟ್ಟಿ ಬುಟ್ಟಿ ಸೇರಿದವು. ಹೂಡಿಯ ಮೇಡಂ ಏನೆನ್ನುತ್ತಾರೋ ಕಣ್ಣಾರೆ ನೋಡಬೇಕೆಂದು ಶಾಂಭವಿ ಹೊರಟು ನಿಂತಳು. ಅಷ್ಟರಲ್ಲಿ ಅಮರಪ್ಪ ಬಿಳಿ ಧೋತರ ಉಟ್ಟು, ಮದುವೆ ಮುಂಜಿಗೆ ಮಾತ್ರ ತೆಗೆಯುವ ರುಮಾಲು ಸುತ್ತಿ ಬಂದ.

“ನೀನೆಲ್ಲಿಗೆ ಯಪ್ಪಾ?”

“ಹೂಡಿಗೆ. ಒಂದು ಸಣ್ಣ ಕೆಲಸ ಐತಿ.”

“ಹೂಡ್ಯಾಗ ನಿನಗೇನು ಕೆಲಸ?”

“ಇರತೈತಿ ನಡಿಯೋ.”

ದಾರಿಯುದ್ದಕ್ಕೂ ಅವನು ಬುಟ್ಟಿಗಳ ನಡುವೆ ಕೂತು ಕಿವಿಗೊಟ್ಟು ಕೇಳುತ್ತಿದ್ದ. ಉಬ್ಬುಗಳ ಮೇಲೆ ವ್ಯಾನು ಮೆತ್ತಗೆ ಏರಿ ಮೆತ್ತಗೆ ಇಳಿಯಿತು. ಶಾಂಭವಿ ಮಾತ್ರ ಬುಟ್ಟಿಯ ಬಟ್ಟೆ ತೆಗೆದು ನೋಡುವ ಧೈರ್ಯ ಮಾಡಲಿಲ್ಲ.

ಕಂಪನಿಯ ಹಿಂದಿನ ಗೇಟಿನಲ್ಲಿ ಸಾಮಾನು ಇಳಿಸುವ ಜಾಗ. ತರಕಾರಿ ಲಾರಿ, ನೀರಿನ ಕ್ಯಾನುಗಳ ಟೆಂಪೊ, ಗ್ಯಾಸ್ ಗಾಡಿ ಸಾಲಾಗಿ ನಿಂತಿದ್ದವು. ಉಮಾಶ್ರೀ ಪುಸ್ತಕ ಹಿಡಿದು ಬಂದು ಮೊದಲ ಬುಟ್ಟಿಯ ಬಟ್ಟೆಗೆ ಕೈ ಹಾಕಿದರು.

“ಒಂದು ನಿಮಿಷ ನಿಲ್ರೀ ಮೇಡಂ” ಎಂದ ಅಮರಪ್ಪ. “ತೆಗಿಯಾಕಿಂತ ಮುಂಚೆ ಒಂದು ಮಾತು ಹೇಳಬೇಕು.”

ಉಮಾಶ್ರೀ ಕೈ ಹಿಂದಕ್ಕೆ ತೆಗೆದರು. “ಹೇಳಿ ತಾತ.”

“ನಾನು ಇವಳ ಮಾವ ರೀ. ಒಳಗ ರೊಟ್ಟಿ ಪೂರಾ ಅದಾವೋ, ಮುರದಾವೋ ನನಗ ಗೊತ್ತಿಲ್ಲ. ನೀವು ಆರ್ಡರ್ ಇಡ್ರಿ, ಬಿಡ್ರಿ, ಅದು ನಿಮ್ಮ ಮರ್ಜಿ. ಆದ್ರ ಇಷ್ಟು ದಿನ ಮುರದದ್ದು ನನ್ನಿಂದ. ಗಾಡಿಗಿ ಎಣ್ಣಿ ಬಿಟ್ಟು ಕೆಡಿಸಿದವ ನಾನು. ತೆಳ್ಳಗ ಬಡದಾಳ ಅಂತ ನೀವು ಅಂದ್ರಂತ. ನಮ್ಮ ಮನ್ಯಾಗೂ ಅಂದ್ರು. ಆಕಿ ಕೈ ಅಗದೀ ಚಲೋ ಕೈ ಐತ್ರಿ. ಇದು ನಿಮಗ ತಿಳೀಲಿ ಅಂತ ಬಂದೆ.”

ಇಷ್ಟು ಹೇಳಿ ಅವನು ಹಿಂದೆ ಸರಿದು ನಿಂತ. ತಿಳಿದವರ ಮುಂದೆ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ, ಹಣೆ ಬೆವರಿತ್ತು. ತನ್ನ ಪರವಾಗಿ ಮಾತಾಡಲೆಂದು ಯಾರಾದರೂ ರುಮಾಲು ಸುತ್ತಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಾರೆಂದು ಶಾಂಭವಿ ಕನಸಲ್ಲೂ ನೆನೆಸಿರಲಿಲ್ಲ. ಹುಟ್ಟಿದ ಮನೆಯಲ್ಲೂ ಅವಳಿಗೆ ಅದು ಸಿಕ್ಕಿರಲಿಲ್ಲ.

ಉಮಾಶ್ರೀ ಬಟ್ಟೆ ತೆಗೆದರು. ಒಂದು ಬುಟ್ಟಿ, ಎರಡು, ಮೂರು, ನಾಲ್ಕು. ಒಟ್ಟು ಐದು ರೊಟ್ಟಿ ಬಿರುಕು ಬಿಟ್ಟಿದ್ದವು. ಉಳಿದವೆಲ್ಲ ಒಂದರ ಮೇಲೊಂದು ದುಂಡಗೆ ಕೂತಿದ್ದವು. ಬಿರುಕು ಬಿಟ್ಟದ್ದರ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅವರು ತಲೆಯಾಡಿಸಿದರು. “ಶಾಂಭವಿ ಅವ್ರೇ, ನಾನು ಹಂಗೆ ಅಂದಿದ್ದು ತಪ್ಪಾಯ್ತು. ನಾಳೆಯಿಂದ್ಲೂ ನೀವೇ ತನ್ನಿ. ಇಷ್ಟೇ ತೆಳ್ಳಗಿರ್ಲಿ.”

ಅವರ ಮನೆಯಲ್ಲಿ ಒಬ್ಬರಿಗೊಬ್ಬರು ಉಪಕಾರ ಹೇಳಿಕೊಳ್ಳುವ ಪದ್ಧತಿಯಿಲ್ಲ. ಮಾವನಿಗೆ ಸೊಸೆ ಏನೆಂದು ಹೇಳಬೇಕು? ಶಾಂಭವಿ ತಲೆ ಮೇಲೆ ಸೆರಗು ಹೊದ್ದು, ಆ ಲಾರಿಗಳ ಮಧ್ಯೆ, ಕೊತ್ತಂಬರಿ ಕಡ್ಡಿ ಬಿದ್ದ ಒದ್ದೆ ನೆಲದ ಮೇಲೇ ಮಂಡಿಯೂರಿ ಅವನ ಎರಡು ಪಾದ ಹಿಡಿದು ಹಣೆ ಹಚ್ಚಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಹನುಮೇಶ ಖಾಲಿ ಬುಟ್ಟಿ ಹಿಡಿದುಕೊಂಡು ಆ ಕಡೆ ತಿರುಗಿ ನಿಂತ. ಸೆಕ್ಯೂರಿಟಿಯವನು ಸೀಟಿ ಊದುವುದನ್ನು ಮರೆತ.

“ಏಳವ್ವಾ ನಮ್ಮವ್ವಾ, ಏಳು” ಎಂದ ಅಮರಪ್ಪ ಅವಳ ತಲೆ ಮೇಲೆ ಕೈಯಿಟ್ಟು. ಅವನ ಕಣ್ಣೂ ತುಂಬಿತ್ತು. “ಹಿಂದ ತರಕಾರಿ ಗಾಡಿ ಕಾಯಾಕತ್ತೈತಿ. ಅವರೂ ಹೊಟ್ಟಿಪಾಡಿಗಿ ಬಂದವರು.”